ವಿಕ್ಟೋರಿಯಾ ಕಾಲದ ವಿದ್ವತ್ಪತ್ರಗಳು ಮತ್ತು ಘಟಪ್ರಭೆಯ ನೆಲ: ಕನ್ನಡ ಸಂಶೋಧನೆ ಬದಿಗಿಟ್ಟ ಒಂದು ಆಕರ

ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ವಿದ್ವಾಂಸರು ಕರ್ನಾಟಕದ ಬಗ್ಗೆ ನಡೆಸಿದ ಅಧ್ಯಯನಗಳು ಕನ್ನಡ ಸಂಶೋಧನೆಗೆ ಹೊಸವಲ್ಲ. ಫ್ಲೀಟ್, ರೈಸ್, ಕಿಟೆಲ್, ಎಲಿಯಟ್ ಮೊದಲಾದವರ ಹೆಸರುಗಳು ಶಾಸನ, ನಿಘಂಟು, ಸಾಹಿತ್ಯ ಚರಿತ್ರೆಗಳ ಪೀಠಿಕೆಗಳಲ್ಲಿ ತಪ್ಪದೆ ಬರುತ್ತವೆ. ಆದರೆ ಈ ಉಲ್ಲೇಖಗಳೆಲ್ಲ ಅವರ ಮುದ್ರಿತ ಕೃತಿಗಳನ್ನು ಮಾತ್ರ ಆಧರಿಸಿವೆ. ಆ ಕೃತಿಗಳು ರೂಪುಗೊಂಡದ್ದು ಪತ್ರಗಳ ಮೂಲಕ. ಒಂದು ಶಾಸನದ ಪಾಠ, ಒಂದು ಪ್ರಾಣಿಯ ಚರ್ಮ, ಒಂದು ಶಿಲೆಯ ತುಣುಕು, ಒಂದು ಲಾವಣಿಯ ಪ್ರತಿ ಇವೆಲ್ಲ ಊರಿನಿಂದ ಕಚೇರಿಗೆ, ಕಚೇರಿಯಿಂದ ಮದರಾಸು ಅಥವಾ ಮುಂಬಯಿಗೆ, ಅಲ್ಲಿಂದ ಲಂಡನ್ನಿಗೆ ಓಲೆಗಳ ಜೊತೆಗೇ ಪಯಣಿಸಿದವು. ಮುದ್ರಿತ ಗ್ರಂಥ ಆ ಪಯಣದ ಕೊನೆಯ ನಿಲ್ದಾಣ. ನಡುವಿನ ದಾರಿಯನ್ನು ಕನ್ನಡ ಸಂಶೋಧನೆ ಇನ್ನೂ ನಡೆದು ನೋಡಿಲ್ಲ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪರಿಸರವನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಕೊರತೆಯ ಸ್ವರೂಪ ಸ್ಪಷ್ಟವಾಗುತ್ತದೆ.

ಪತ್ರವೆಂಬ ವಿದ್ವತ್ ಸಂಸ್ಥೆ

ವಿಕ್ಟೋರಿಯಾ ಕಾಲದಲ್ಲಿ ಪತ್ರ ವಿಜ್ಞಾನದ ಪ್ರಯೋಗಶಾಲೆಯ ಒಂದು ಭಾಗವೇ ಆಗಿತ್ತು. ಬ್ರಿಟನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಏಕರೂಪ ಅಂಚೆ ಜಾರಿಗೆ ಬಂದಿತು. ಭಾರತದಲ್ಲಿ 1854ರ ಅಂಚೆ ಕಾಯಿದೆಯು ದೂರವನ್ನು ಲೆಕ್ಕಿಸದೆ ಅರ್ಧ ಆಣೆಗೆ ಓಲೆ ತಲಪುವ ವ್ಯವಸ್ಥೆ ಮಾಡಿತು. ಇದರಿಂದ ಜಿಲ್ಲೆಯ ಮೂಲೆಯಲ್ಲಿದ್ದ ಅಧಿಕಾರಿಯೂ ವಿದ್ವತ್ ಸಭೆಗಳ ಸದಸ್ಯನಂತೆ ವ್ಯವಹರಿಸುವುದು ಸಾಧ್ಯವಾಯಿತು. ಬರ್ಜೆಸ್ 1872ರಲ್ಲಿ ಆರಂಭಿಸಿದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯ ಮೊದಲ ಸಂಪುಟಗಳಲ್ಲಿ ಪತ್ರವ್ಯವಹಾರಕ್ಕೆಂದೇ ವಿಭಾಗವಿತ್ತು. ಕಿಟೆಲ್ಲರೂ ಫ್ಲೀಟರೂ ಅದೇ ಪುಟಗಳಲ್ಲಿ ಬರೆಯುತ್ತಿದ್ದರು. ಗಂಗರ ತಾಮ್ರಶಾಸನಗಳು ಅಸಲಿಯೋ ಕೂಟವೋ ಎಂಬ ಬಗ್ಗೆ ಫ್ಲೀಟ್ ಮತ್ತು ರೈಸ್ ನಡುವೆ ಎದ್ದ ವಾದವು ಬೆಳೆದದ್ದೂ ಇಂಥ ವಿನಿಮಯದ ವಾತಾವರಣದಲ್ಲಿಯೇ.

ಈ ಕಾಲದ ಪತ್ರಗಳನ್ನು ಗಂಭೀರ ಆಕರವೆಂದು ಬಗೆದರೆ ಏನು ದೊರೆಯುತ್ತದೆ ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ನರ ಪತ್ರಸಂಪಾದನೆಯೇ ನಿದರ್ಶನ. 1974ರಲ್ಲಿ ಆರಂಭವಾದ ಆ ಯೋಜನೆ 2023ರಲ್ಲಿ 30ನೆಯ ಸಂಪುಟದೊಂದಿಗೆ ಮುಗಿಯಿತು. ಸುಮಾರು 15,000 ಪತ್ರಗಳು, ಎರಡು ಸಾವಿರದಷ್ಟು ಪತ್ರಮಿತ್ರರು. ವಿಕಾಸವಾದವು ಒಬ್ಬ ಮೇಧಾವಿಯ ಏಕಾಂತದ ಫಲವೆಂಬ ಕಲ್ಪನೆಯನ್ನು ಈ ಸಂಪುಟಗಳು ಸಡಿಲಿಸಿದವು. ತೋಟಗಾರರು, ಪಾರಿವಾಳ ಸಾಕುವವರು, ವಸಾಹತುಗಳ ಅಧಿಕಾರಿಗಳು, ಪಾದ್ರಿಗಳು ಕಳುಹಿಸಿದ ಚಿಕ್ಕ ಚಿಕ್ಕ ಸಂಗತಿಗಳ ಮೇಲೆ ಆ ವಾದ ನಿಂತಿದೆಯೆಂಬುದು ಈಗ ಎಲ್ಲರಿಗೂ ಕಾಣುತ್ತದೆ. ಆ ಎರಡು ಸಾವಿರ ಹೆಸರುಗಳಲ್ಲಿ ಒಂದು ಕನ್ನಡ ಶಾಸನಾಧ್ಯಯನಕ್ಕೆ ತೀರ ಪರಿಚಿತವಾದುದು: ವಾಲ್ಟರ್ ಎಲಿಯಟ್.

ಎರಡಾಗಿ ಒಡೆದ ಎಲಿಯಟ್

ವಾಲ್ಟರ್ ಎಲಿಯಟ್ (1803-1887) ಮದರಾಸಿನ ಸಿವಿಲ್ ಸೇವೆಗೆ ಸೇರಿ, 1823ರ ಹೊತ್ತಿಗೆ ದಕ್ಷಿಣ ಮರಾಠಾ ಪ್ರದೇಶವೆಂದು ಆಗ ಕರೆಯಲಾಗುತ್ತಿದ್ದ ಧಾರವಾಡ ಸೀಮೆಗೆ ಬಂದರು. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಹತನಾದ ಕಿತ್ತೂರಿನ ಸಂಘರ್ಷದಲ್ಲಿ ಸ್ಟೀವನ್ಸನ್ನನೊಡನೆ ಸೆರೆಸಿಕ್ಕ ಅಧಿಕಾರಿ ಇವರೇ. ಬಿಡುಗಡೆಯ ನಂತರವೂ 1833ರವರೆಗೆ ಇದೇ ಸೀಮೆಯಲ್ಲಿ ಉಳಿದು 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದರು. 'ಕರ್ನಾಟಕ ದೇಶದ ಶಾಸನಗಳು' ಎಂಬ ಆ ಹಸ್ತಪ್ರತಿ ಸಂಗ್ರಹದ ಆಧಾರದ ಮೇಲೆ ಚಾಲುಕ್ಯರ ವಂಶಾವಳಿಯ ಮೊದಲ ರೂಪರೇಖೆ ಸಿದ್ಧವಾಯಿತು. ಫ್ಲೀಟರು 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆಯುವಾಗ ಈ ಸಂಗ್ರಹವನ್ನು ಬಳಸಿಕೊಂಡರು, ತಿದ್ದಿದರು, ಮೀರಿದರು.

ಕನ್ನಡ ಸಂಶೋಧನೆ ಬಲ್ಲ ಎಲಿಯಟ್ ಇಷ್ಟೇ. ಪ್ರಾಣಿಶಾಸ್ತ್ರ ಬಲ್ಲ ಎಲಿಯಟ್ ಬೇರೆ. 1839ರಲ್ಲಿ ಅವರು ದಕ್ಷಿಣ ಮರಾಠಾ ಪ್ರದೇಶದ ಸಸ್ತನಿಗಳ ಪಟ್ಟಿಯೊಂದನ್ನು ಮದರಾಸಿನ ಸಾಹಿತ್ಯ-ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಾಣಿಗಳ ಸ್ಥಳೀಯ ಹೆಸರುಗಳನ್ನು ಅವರು ಅದರಲ್ಲಿ ದಾಖಲಿಸಿದ್ದಾರೆ. ಹೊಲದ ಇಲಿಯೊಂದು ತನ್ನ ಬಿಲದಲ್ಲಿ ಜೋಳದ ತೆನೆಗಳನ್ನು ಕೂಡಿಡುವುದನ್ನೂ, ವಡ್ಡರು ಆ ಬಿಲಗಳನ್ನು ಅಗೆದು ಕಾಳು ತೆಗೆಯುವುದನ್ನೂ ಅವರು ಗಮನಿಸಿ ಬರೆದರು. ಆ ಇಲಿಗೆ ಇಲ್ಲಿಯ ಹೆಸರು 'ಕೊಕ್'. ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಧಾರವಾಡದ ಮಾದರಿಗಳನ್ನು ಆಧರಿಸಿ ಇದಕ್ಕೆ 'ಮಸ್ ಕೊಕ್' ಎಂದೇ ಹೆಸರಿಟ್ಟರು. ಅದೇ ವರ್ಷ ಅವರು ಹೆಸರಿಸಿದ ಇನ್ನೊಂದು ಇಲಿ 'ಗೊಲುಂಡಾ ಎಲಿಯೊಟಿ'. ಆ ಪ್ರಾಣಿಯ ಕನ್ನಡ ಹೆಸರು 'ಗುಲಂದಿ' ಎಂದು ಅಂದಿನ ಪ್ರಾಣಿಶಾಸ್ತ್ರ ಗ್ರಂಥಗಳು ದಾಖಲಿಸಿವೆ. ಎರಡು ಪದಗಳ ಸಾಮ್ಯ ಕಣ್ಣಿಗೆ ಕಾಣುವಂತಿದೆ. ಈ ಶಾಸ್ತ್ರೀಯ ನಾಮ ಇಂದಿಗೂ ಬಳಕೆಯಲ್ಲಿದೆ.

ಈ ಜೋಡಿ ಹೆಸರನ್ನು ಒಂದು ಕ್ಷಣ ನಿಂತು ನೋಡಬೇಕು. ಮೊದಲ ಪದ ಹೊಲದಲ್ಲಿ ದುಡಿಯುವವರ ಬಾಯಿಂದ ಬಂದದ್ದು, ಎರಡನೆಯದು ಅಧಿಕಾರಿಯ ಹೆಸರು. ಪದ ಕೊಟ್ಟವರ ಮಾತು ಲಂಡನ್ನಿಗೆ ತಲಪಿತು, ಅವರ ಹೆಸರು ತಲಪಲಿಲ್ಲ. ವಸಾಹತುಕಾಲದ ಜ್ಞಾನೋತ್ಪಾದನೆಯ ಬಗ್ಗೆ ಕನ್ನಡದಲ್ಲಿ ನಡೆದಿರುವ ಸೈದ್ಧಾಂತಿಕ ಚರ್ಚೆಗಳು ಹೇಳಲು ಯತ್ನಿಸಿದ್ದನ್ನು ಈ ಎರಡು ಪದಗಳು ಪ್ರತ್ಯಕ್ಷವಾಗಿ ತೋರಿಸುತ್ತವೆ.

1856ರ ಜನವರಿಯಲ್ಲಿ ಡಾರ್ವಿನ್ನರು ಎಲಿಯಟ್‌ರಿಗೆ ಬರೆದು ಭಾರತದ ಸಾಕು ಪಾರಿವಾಳ, ಕೋಳಿಗಳ ಚರ್ಮಗಳನ್ನು ಬೇಡಿದರು. ಎಲಿಯಟ್ ಆಗ ಮದರಾಸು ಗವರ್ನರರ ಸಭೆಯ ಸದಸ್ಯರಾಗಿದ್ದರು. ಚರ್ಮಗಳು ಇಂಗ್ಲೆಂಡಿಗೆ ಹೋದವು. 1859ರ 'ಜೀವಿಜಾತಿಗಳ ಉಗಮ'ದ ಮೊದಲ ಅಧ್ಯಾಯದಲ್ಲಿಯೇ ಡಾರ್ವಿನ್ ಈ ನೆರವನ್ನು ಸ್ಮರಿಸಿದ್ದಾರೆ. 1868ರಲ್ಲಿ ಬಂದ, ಸಾಕುಪ್ರಾಣಿಗಳ ವೈವಿಧ್ಯವನ್ನು ಕುರಿತ ಗ್ರಂಥದಲ್ಲಿ ಪಾರಿವಾಳಗಳ ಬಗೆಗಿನ ಒಂದು ಪರ್ಷಿಯನ್ ಗ್ರಂಥದ ಅನುವಾದವನ್ನು ಎಲಿಯಟ್ ಒದಗಿಸಿದ್ದನ್ನೂ ಹೇಳಿದ್ದಾರೆ. ಅಂದರೆ ಡಾರ್ವಿನ್ನರ ಮೇಜಿನ ಮೇಲೆ ಭಾರತದಿಂದ ಹೋದದ್ದು ಹಕ್ಕಿಯ ಚರ್ಮ ಮಾತ್ರವಲ್ಲ, ಹಕ್ಕಿಯನ್ನು ಕುರಿತ ಗ್ರಂಥಸ್ಥ ಜ್ಞಾನವೂ ಹೋಗಿತ್ತು.

ಎಲಿಯಟ್ ಈ ಪತ್ರವ್ಯವಹಾರ ನಡೆಸಿದ್ದು ಮದರಾಸಿನಿಂದ, ಧಾರವಾಡದಿಂದಲ್ಲ. ಹಾಗಿದ್ದರೂ ಡಾರ್ವಿನ್ನರಿಗೆ ಬೇಕಾಗಿದ್ದ ಕಣ್ಣು, ಅಂದರೆ ಸ್ಥಳೀಯ ಹೆಸರನ್ನು ಕೇಳುವ, ಸಾಕುವವರ ಮಾತನ್ನು ಬರೆದಿಡುವ ಅಭ್ಯಾಸ, ರೂಢಿಯಾದದ್ದು ಕನ್ನಡ ನಾಡಿನ ಹತ್ತು ವರ್ಷಗಳಲ್ಲಿ. ಶಾಸನವನ್ನು ಪ್ರತಿ ಮಾಡಿಸುವುದಕ್ಕೂ ಇಲಿಯ ಹೆಸರನ್ನು ಕೇಳಿ ಬರೆದುಕೊಳ್ಳುವುದಕ್ಕೂ ಅವರ ಮಟ್ಟಿಗೆ ಭೇದವಿರಲಿಲ್ಲ. ಭೇದವನ್ನು ಹುಟ್ಟಿಸಿದ್ದು ಮುಂದಿನ ಕಾಲದ ವಿಶ್ವವಿದ್ಯಾಲಯಗಳ ವಿಭಾಗ ವ್ಯವಸ್ಥೆ. ಕನ್ನಡ ವಿಭಾಗ ಶಾಸನವನ್ನು ಎತ್ತಿಕೊಂಡಿತು, ಪ್ರಾಣಿಶಾಸ್ತ್ರ ವಿಭಾಗ ಇಲಿಯನ್ನು ಎತ್ತಿಕೊಂಡಿತು, ನಡುವೆ ಇದ್ದ ಪದಗಳು ಯಾರಿಗೂ ಸಲ್ಲದೆ ಉಳಿದವು.

ಮೂರು ಆಡಳಿತ, ಒಂದು ನೆಲ

ಘಟಪ್ರಭೆಯ ಈ ಸೀಮೆ ಆ ಕಾಲದಲ್ಲಿ ಒಂದೇ ಆಡಳಿತದ ಕೆಳಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ತೇರದಾಳದ ಭಾಗ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯು ನೇರ ಬ್ರಿಟಿಷ್ ಆಳ್ವಿಕೆಯ ಕಲಾದಗಿ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಕೇಂದ್ರ 1885ರಲ್ಲಿ ವಿಜಾಪುರಕ್ಕೆ ಹೋಯಿತು. ಒಂದು ದಿನದ ನಡಿಗೆಯ ಹಾದಿಯಲ್ಲಿ ಮೂರು ನಾಲ್ಕು ದಫ್ತರಗಳು, ಎರಡು ಮೂರು ಭಾಷೆಗಳು. ಪ್ರಜೆಗಳ ಮಾತು ಕನ್ನಡ, ಸಂಸ್ಥಾನದ ಬರಹ ಮೋಡಿ ಲಿಪಿಯ ಮರಾಠಿ, ಮೇಲಿನವರಿಗೆ ಹೋಗುವ ವರದಿ ಇಂಗ್ಲಿಷ್. ಈ ಸೀಮೆಯ ಯಾವ ಸಂಗತಿಯೂ ವಿದ್ವತ್ಪತ್ರಿಕೆಯನ್ನು ತಲಪುವ ಮೊದಲು ಈ ಮೂರು ಹೊಸ್ತಿಲುಗಳಲ್ಲಿ ಒಂದೆರಡನ್ನಾದರೂ ದಾಟಬೇಕಾಗಿತ್ತು.

ದಾಟಿಹೋದವುಗಳಲ್ಲಿ ಮೂರನ್ನು ಹೆಸರಿಸಬಹುದು. ಮೊದಲನೆಯದು ಕಲ್ಲು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ (1834-1912) ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯನ್ನು ಕುರಿತ ತಮ್ಮ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದರು. ಈ ಸೀಮೆಯ ಬಿಳಿಗಲ್ಲು, ಸುಣ್ಣದಕಲ್ಲುಗಳ ಪದರಗಳಿಗೆ 'ಕಲಾದಗಿ ಶ್ರೇಣಿ' ಎಂಬ ಹೆಸರು ಸಂದಿತು. ಘಟಪ್ರಭೆಯ ಮೇಲಣ ಭಾಗದಲ್ಲಿ ಗೋಕಾಕದ ಬಳಿಯ ಚಿಕ್ಕದೌಳಿಯಲ್ಲಿ ಅವರಿಗೆ ದೊರೆತ ಖಡ್ಗಮೃಗದ ಅಶ್ಮಾವಶೇಷದ ವರ್ಣನೆ 1874ರಲ್ಲಿ ಬಂದಿತು. ಮುಧೋಳದ ಮಗ್ಗುಲಿನಲ್ಲಿ ಹರಿಯುವ ಹೊಳೆಯ ಸೀಮೆಯಲ್ಲಿ ಒಮ್ಮೆ ಖಡ್ಗಮೃಗ ಮೇಯುತ್ತಿತ್ತೆಂಬ ತಿಳಿವಳಿಕೆ ಹೀಗೆ ಲೋಕಕ್ಕೆ ಹೋಯಿತು. ಕನ್ನಡದ ಪಠ್ಯಗಳಿಗೆ ಅದು ಬಂದದ್ದು ವಿರಳ.

ಎರಡನೆಯದು ಶಾಸನ. ಗೊಂಕ ಮಂಡಲಿಕನ ಜಿನಾಲಯವನ್ನು ಕುರಿತ, 12ನೆಯ ಶತಮಾನದ ತೇರದಾಳದ ಹಳಗನ್ನಡ ಶಾಸನವನ್ನು 'ಇಂಡಿಯನ್ ಆಂಟಿಕ್ವರಿ'ಯ 1885ರ ಸಂಪುಟದಲ್ಲಿ ಪ್ರಕಟಿಸಿದವರು ಕೆ.ಬಿ. ಪಾಠಕ್. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದ, 1898ರಲ್ಲಿ 'ಕವಿರಾಜಮಾರ್ಗ'ವನ್ನು ಮೊದಲ ಬಾರಿಗೆ ಸಂಪಾದಿಸಿದ ಪಾಠಕರೇ ಇವರು. ಯುರೋಪಿಯನ್ನರ ವಿದ್ವತ್ಪತ್ರಿಕೆಯಲ್ಲಿ ಈ ನೆಲದ ಶಾಸನಕ್ಕೆ ಈ ನೆಲದ ವಿದ್ವಾಂಸರೇ ವಾಚಕರಾದುದು ಗಮನಾರ್ಹ. ವಿದ್ವತ್ ವಿನಿಮಯದ ಈ ಜಾಲವು ಬಿಳಿಯರ ಏಕಸ್ವಾಮ್ಯವಾಗಿತ್ತೆಂಬ ತೀರ್ಮಾನವನ್ನು ಈ ಒಂದು ಸಂಗತಿಯೇ ಪುನರ್ವಿಮರ್ಶೆಗೆ ಒಡ್ಡುತ್ತದೆ.

ಮೂರನೆಯದು ಹಾಡು. ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ನಿಶ್ಶಸ್ತ್ರೀಕರಣ ಕಾಯಿದೆಯನ್ನು ವಿರೋಧಿಸಿ ಎದ್ದರು. ಊರನ್ನು ಸುಟ್ಟು ಬಂಡಾಯವನ್ನು ಅಡಗಿಸಲಾಯಿತು. ಈ ಘಟನೆಯನ್ನು ಕುರಿತ ಲಾವಣಿಯನ್ನು ಜೆ.ಎಫ್. ಫ್ಲೀಟ್ (1847-1917) ಸಂಗ್ರಹಿಸಿ, ಸಂಗೊಳ್ಳಿ ರಾಯಣ್ಣನ ಲಾವಣಿಯೇ ಮೊದಲಾದವುಗಳೊಡನೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಇಂಗ್ಲಿಷ್ ಅನುವಾದ ಸಹಿತ ಪ್ರಕಟಿಸಿದರು. ಬಂಡಾಯವನ್ನು ಹತ್ತಿಕ್ಕಿದ ಸರಕಾರದ ಅಧಿಕಾರಿಯೇ ಬಂಡಾಯದ ಹಾಡನ್ನು ಉಳಿಸಿದ್ದು ವಿಚಿತ್ರವೆನಿಸಬಹುದು. ಆದರೆ ಆ ಹಾಡು ಫ್ಲೀಟರ ಮೇಜಿಗೆ ತಾನಾಗಿ ನಡೆದು ಬರಲಿಲ್ಲ. ಯಾರೋ ಹಾಡಿದರು, ಯಾರೋ ಬರೆದುಕೊಂಡರು, ಯಾರೋ ಅದರ ಆಡುಮಾತಿನ ಪದಗಳಿಗೆ ಅರ್ಥ ಹೇಳಿದರು. ಮುದ್ರಿತ ಪುಟದಲ್ಲಿ ಸಂಪಾದಕನ ಹೆಸರು ಢಾಳಾಗಿ ನಿಂತಿದೆ. ಹಾಡಿನ ಹಿಂದಿನ ಮೂವರನ್ನು ಹುಡುಕಬೇಕಾದರೆ ಪುಟದ ಹಿಂದಿರುವ ಪತ್ರಗಳಿಗೇ ಹೋಗಬೇಕು.

ಹಲಗಲಿಯ ಪ್ರಸಂಗದಲ್ಲಿ ಪತ್ರದ ಮಹತ್ವ ಇನ್ನೊಂದು ಬಗೆಯದೂ ಆಗಿದೆ. ಘಟನೆ ನಡೆದಾಗ ಸಂಸ್ಥಾನ, ಜಿಲ್ಲೆ, ಮುಂಬಯಿ ಸರಕಾರಗಳ ನಡುವೆ ಓಡಾಡಿದ್ದು ಆಡಳಿತದ ಪತ್ರಗಳು. ಅವುಗಳ ಭಾಷೆಯಲ್ಲಿ ಹಲಗಲಿ ಒಂದು 'ಗಲಭೆ'. ಲಾವಣಿಯ ಭಾಷೆಯಲ್ಲಿ ಅದು ಜಡಗ, ಬಾಲ ಮೊದಲಾದವರ ಬದುಕು ಮತ್ತು ಸಾವು. ಮೂರು ದಶಕಗಳ ಬಳಿಕ ಫ್ಲೀಟರ ವಿದ್ವತ್ತಿನ ಭಾಷೆಯಲ್ಲಿ ಅದೇ ಸಂಗತಿ 'ಕನ್ನಡ ಲಾವಣಿಗಳ ಒಂದು ಮಾದರಿ' ಆಗುತ್ತದೆ. ಈ ಮೂರು ಪಠ್ಯಗಳನ್ನು ಒಟ್ಟಿಗಿಟ್ಟು ಓದುವ ಕೆಲಸಕ್ಕೆ ಜಾನಪದವನ್ನೂ ಹಳಗನ್ನಡವನ್ನೂ ಆಡುಮಾತನ್ನೂ ಬಲ್ಲ ಕನ್ನಡ ಅಧ್ಯಾಪಕರಿಗಿಂತ ಅರ್ಹರು ಬೇರಿಲ್ಲ.

ಎರಡು ಆಕ್ಷೇಪಗಳು

ಇಂಥ ಅಧ್ಯಯನದ ವಿರುದ್ಧ ಎರಡು ಆಕ್ಷೇಪಗಳು ಏಳುವುದು ಸಹಜ. ವಿಜ್ಞಾನಿಗಳ ಪತ್ರಗಳು ವಿಜ್ಞಾನದ ಇತಿಹಾಸಕಾರರ ಸೊತ್ತು, ಕನ್ನಡ ವಿಭಾಗಕ್ಕೆ ಅದರಿಂದೇನು ಎಂಬುದು ಮೊದಲನೆಯದು. ಇದಕ್ಕೆ 'ಕೊಕ್' ಮತ್ತು 'ಗುಲಂದಿ'ಗಳೇ ಉತ್ತರ. ಲಂಡನ್ನಿನ ಸಂಪಾದಕರು ಆ ಪದಗಳಿಗೆ ರೋಮನ್ ಲಿಪಿಯ ರೂಪವನ್ನಷ್ಟೇ ಕೊಡಬಲ್ಲರು. ಅದು ಯಾವ ಸಮುದಾಯದ ಉಚ್ಚಾರಣೆ, ಕನ್ನಡದ್ದೋ ವಡ್ಡರ ತೆಲುಗಿನದೋ, ಇಂದು ಮುಧೋಳ, ಬೀಳಗಿಗಳ ಹೊಲಗಳಲ್ಲಿ ಅದಕ್ಕೆ ಯಾವ ರೂಪವಿದೆ ಎಂಬುದನ್ನು ನಿರ್ಣಯಿಸುವುದು ಭಾಷಾ ಸಂಶೋಧಕರ ಕೆಲಸ. ಕಿಟೆಲ್ಲರ 1894ರ ನಿಘಂಟಿನೊಡನೆ ಇಂಥ ಪತ್ರ ಮತ್ತು ಪಟ್ಟಿಗಳ ಪದಗಳನ್ನು ತಾಳೆ ನೋಡಿದರೆ ಉತ್ತರ ಕರ್ನಾಟಕದ ಕೃಷಿ, ಪ್ರಾಣಿ, ಸಸ್ಯ ಪದಕೋಶಕ್ಕೆ ಎರಡು ಶತಮಾನಗಳಷ್ಟು ಹಳೆಯ ಸಾಕ್ಷ್ಯ ಸಿಗುತ್ತದೆ. ಅಷ್ಟು ಹಳೆಯ ಆಡುಮಾತಿನ ದಾಖಲೆ ಕಾವ್ಯಗಳಲ್ಲಿ ಸಿಗಲಾರದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ವಸಾಹತುಶಾಹಿಯ ಅಧಿಕಾರಿಗಳ ಪತ್ರಗಳನ್ನು ಮತ್ತೆ ಸಂಪಾದಿಸಿ ಓದುವುದೆಂದರೆ ಅವರ ಯಜಮಾನಿಕೆಯನ್ನು ಮತ್ತೊಮ್ಮೆ ಒಪ್ಪಿಕೊಂಡಂತೆ ಎಂದು ವಾದಿಸುವವರಿದ್ದಾರೆ. ಈ ಆತಂಕದಲ್ಲಿ ಸತ್ಯವಿದೆ. ಹೆಸರಿಡುವ ಅಧಿಕಾರ ಯಾರದಾಗಿತ್ತು ಎಂಬುದನ್ನು ಮರೆತ ಓದು ಸ್ತುತಿಪಾಠವಾಗುತ್ತದೆ. ಆದರೆ ಪತ್ರವನ್ನು ಕೈಬಿಟ್ಟರೆ ಆ ಯಜಮಾನಿಕೆ ಕುಗ್ಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಮುದ್ರಿತ ಗ್ರಂಥದಲ್ಲಿ ಪಂಡಿತ, ಪ್ರತಿಕಾರ, ಶಿರಸ್ತೇದಾರ, ಬೇಟೆಗಾರ ಎಲ್ಲರೂ ಅಳಿಸಿಹೋಗಿ ಗ್ರಂಥಕರ್ತನೊಬ್ಬನೇ ಉಳಿಯುತ್ತಾನೆ. ಪತ್ರದಲ್ಲಿ ಹಾಗಾಗದು. ಚರ್ಮ ತಡವಾಯಿತೇಕೆ, ಪ್ರತಿ ತಪ್ಪಾಯಿತೇಕೆ, ಅರ್ಥ ಯಾರಿಂದ ತಿಳಿಯಿತು ಎಂದು ವಿವರಿಸುವಾಗ ಕೆಳಗಿನವರು ಅಲ್ಲಲ್ಲಿ ಇಣುಕುತ್ತಾರೆ. ಎಲಿಯಟ್‌ರ 595 ಶಾಸನಗಳನ್ನು ಬಿಸಿಲಲ್ಲಿ ನಿಂತು ನಕಲು ಮಾಡಿದ ಕೈಗಳು ಸ್ಥಳೀಯರವು. ಆ ಕೈಗಳನ್ನು ಕಾಣಿಸುವ ಸಾಧ್ಯತೆ ಇರುವುದು ಗ್ರಂಥಕ್ಕಿಂತ ಹೆಚ್ಚಾಗಿ ಓಲೆಯಲ್ಲಿ.

ಇದೇ ಮಾತು ಮುಧೋಳದ ನಾಯಿಗೂ ಅನ್ವಯಿಸುತ್ತದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಆಯ್ದು ಕೂಡಿಸಿ ತಳಿ ಬೆಳೆಸುವ ಮಾನವನ ಕೌಶಲವೇ ಡಾರ್ವಿನ್ನರ ವಾದದ ಆರಂಭಬಿಂದು. ಪಾರಿವಾಳಗಳಲ್ಲಿ ಅವರು ಹುಡುಕಿದ್ದು ಅದನ್ನೇ. ಘಟಪ್ರಭೆಯ ದಂಡೆಯ ಬೇಟೆಗಾರರೂ ಕುರಿಗಾಹಿಗಳೂ ಆ ಕೌಶಲವನ್ನು ಬಲ್ಲವರಾಗಿದ್ದರು. ಇಂದು ತಳಿಯ ಹೆಸರಿನೊಡನೆ ಅರಸುಮನೆತನವೊಂದೇ ಸ್ಮರಣೆಗೆ ಬರುತ್ತದೆ. ತಲೆಮಾರುಗಳ ಕಾಲ ಮರಿಗಳನ್ನು ಆಯ್ದವರ ಮಾತು ದಾಖಲೆಯ ಹೊರಗೆ ನಿಂತಿದೆ.

ಕಳೆದುಹೋಗುತ್ತಿರುವುದು ಏನು

ಲಂಡನ್, ಕೇಂಬ್ರಿಜ್, ಬಾಸೆಲ್‌ಗಳಲ್ಲಿರುವ ಪತ್ರಗಳು ಸುರಕ್ಷಿತವಾಗಿವೆ. ಇಂದಲ್ಲ ನಾಳೆ ಅವುಗಳನ್ನು ಓದಬಹುದು. ಅಪಾಯದಲ್ಲಿರುವುದು ಪತ್ರವ್ಯವಹಾರದ ಈ ಕಡೆಯ ಅರ್ಧ. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ವಿಲೀನಗೊಂಡು, ಈ ಭಾಗ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗ ದಫ್ತರಗಳು ಬೇರೆ ಬೇರೆ ದಿಕ್ಕಿಗೆ ಹಂಚಿಹೋದವು. ದೇಸಾಯಿ, ದೇಶಪಾಂಡೆ, ಕುಲಕರ್ಣಿ ಮನೆತನಗಳ ಅಟ್ಟಗಳಲ್ಲಿ ಉಳಿದ ಕಾಗದಗಳು ಮೋಡಿಯಲ್ಲಿವೆ. ಅದನ್ನು ಓದಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಆಲಮಟ್ಟಿಯ ಹಿನ್ನೀರಿನಿಂದ ಬೀಳಗಿ, ಜಮಖಂಡಿ ತಾಲೂಕುಗಳ ಹಲವು ಹಳ್ಳಿಗಳು ಎದ್ದು ಬೇರೆಡೆ ನೆಲೆಸಬೇಕಾಯಿತು. ಮನೆ ಕಿತ್ತು ಹೊರಟವರು ಬಾಗಿಲು, ತೊಲೆಗಳನ್ನು ಕೊಂಡೊಯ್ದರು. ಓದಲು ಬಾರದ ಲಿಪಿಯ ಕಾಗದದ ಗಂಟನ್ನು ಕೊಂಡೊಯ್ಯಬೇಕೆಂದು ಹೇಳುವವರು ಇರಬೇಕಾಗಿತ್ತು. ರಬಕವಿ-ಬನಹಟ್ಟಿಯ ನೇಕಾರ ಮತ್ತು ವ್ಯಾಪಾರಿ ಮನೆಗಳ ಹಳೆಯ ಲೆಕ್ಕದ ಖಾತೆಗಳು, ಬಣ್ಣ ಮತ್ತು ನೂಲಿನ ಬಗ್ಗೆ ದೂರದ ಪೇಟೆಗಳೊಡನೆ ನಡೆದ ಓಲೆಗಳು ಜ್ಞಾನದ ದಾಖಲೆಗಳೆಂದು ಎಣಿಕೆಗೇ ಬಂದಿಲ್ಲ. ರದ್ದಿಯ ಅಂಗಡಿಗೆ ಹೋದ ಕಾಗದವನ್ನು ಯಾವ ಸಂಶೋಧನೆಯೂ ಮರಳಿ ತರಲಾರದು.

ಆದ್ದರಿಂದ ಕನ್ನಡ ವಿಭಾಗಗಳ ಮುಂದೆ ಮೂರು ಕೆಲಸಗಳಿವೆ. ಸ್ನಾತಕೋತ್ತರ ಮತ್ತು ಸಂಶೋಧನ ಹಂತದಲ್ಲಿ ಹಳಗನ್ನಡ ಲಿಪಿಯ ಜೊತೆಗೆ ಮೋಡಿಯ ಪರಿಚಯವನ್ನೂ ಕಡ್ಡಾಯಗೊಳಿಸುವುದು ಮೊದಲನೆಯದು. ಇಂದಿನ ಬಾಗಲಕೋಟೆ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಹತ್ತೊಂಬತ್ತನೆಯ ಶತಮಾನವನ್ನು ಮೋಡಿಯಿಲ್ಲದೆ ಓದುವುದು ಒಂದು ಕಣ್ಣಿನಿಂದ ನೋಡಿದಂತೆ. ಈ ನಾಲ್ಕು ತಾಲೂಕುಗಳ ಕಾಲೇಜು ಅಧ್ಯಾಪಕರು ತಮ್ಮ ತಮ್ಮ ಊರಿನ ಮನೆತನಗಳ, ಮಠಗಳ, ಅಂಗಡಿಗಳ ಪತ್ರಗಳ ಸೂಚಿಯನ್ನು ಮನೆಯವರ ಒಪ್ಪಿಗೆ ಪಡೆದು ಸಿದ್ಧಪಡಿಸುವುದು ಎರಡನೆಯದು. ಕಾಗದವನ್ನು ತರಬೇಕಾಗಿಲ್ಲ, ಛಾಯಾಚಿತ್ರ ಮತ್ತು ವಿವರವಿದ್ದರೆ ಸಾಕು. ಎಲಿಯಟ್, ಫೂಟ್, ಫ್ಲೀಟ್, ಕಿಟೆಲ್ ಮೊದಲಾದವರ ಪತ್ರಗಳಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದವನ್ನು ಆಯ್ದು ಕನ್ನಡಕ್ಕೆ ಅನುವಾದಿಸಿ, ವ್ಯಕ್ತಿಸೂಚಿಯೊಡನೆ ಪ್ರಕಟಿಸುವುದು ಮೂರನೆಯದು. ಆ ಸೂಚಿಯಲ್ಲಿ ಅಧಿಕಾರಿಗಳ ಹೆಸರುಗಳಷ್ಟೇ ಅಲ್ಲದೆ ಪಂಡಿತ, ಪ್ರತಿಕಾರ, ಹಾಡುಗಾರ, ಬೇಟೆಗಾರ ಎಂದು ಬಂದಲ್ಲೆಲ್ಲ, ಹೆಸರಿರಲಿ ಇಲ್ಲದಿರಲಿ, ಒಂದು ನಮೂದು ಇರಬೇಕು. ಹೆಸರಿಲ್ಲದ ನಮೂದುಗಳ ಸಂಖ್ಯೆಯೇ ಆ ಕಾಲದ ವಿದ್ವತ್ತಿನ ಬಗ್ಗೆ ಒಂದು ಸಂಶೋಧನ ಫಲಿತವಾಗುತ್ತದೆ.

ರನ್ನನ ಮುದುವೊಳಲು ಇಂದಿನ ಮುಧೋಳವೆಂಬುದನ್ನು ಸ್ಥಾಪಿಸಲು ಕನ್ನಡ ವಿದ್ವತ್ತು ಪಟ್ಟ ಶ್ರಮ ಸಣ್ಣದಲ್ಲ. ಹತ್ತನೆಯ ಶತಮಾನದ ಕವಿಯೊಬ್ಬನ ಊರಿಗಾಗಿ ತೋರಿದ ಆ ಶ್ರದ್ಧೆಯ ಒಂದು ಪಾಲನ್ನು ನೂರೈವತ್ತು ವರ್ಷಗಳ ಹಿಂದೆ ಅದೇ ಊರಿನ ಸೀಮೆಯಲ್ಲಿ ಹಾಡಿದ, ನಕಲು ಮಾಡಿದ, ಹೆಸರು ಹೇಳಿಕೊಟ್ಟ ಜನರಿಗಾಗಿ ತೋರುವುದು ಅಸಾಧ್ಯವೇನಲ್ಲ.

ಕೊನೆಗಾಲದಲ್ಲಿ ಎಲಿಯಟ್ ದೃಷ್ಟಿ ಕಳೆದುಕೊಂಡಿದ್ದರು. 1887ರ ಮಾರ್ಚ್ 1ರಂದು, ತೀರಿಕೊಂಡ ದಿನದ ಬೆಳಿಗ್ಗೆ, ಅವರು ತಮಿಳು ವಿದ್ವಾಂಸ ಜಿ.ಯು. ಪೋಪ್ ಅವರಿಗೆ ಪತ್ರವೊಂದನ್ನು ಹೇಳಿ ಬರೆಯಿಸಿ ತಮ್ಮ ಕೈಯಿಂದಲೇ ಸಹಿ ಹಾಕಿದರು. ಪೋಪರ ತಿರುಕ್ಕುರಳಿನ ಆವೃತ್ತಿಯ ವಿಷಯ ಅದರಲ್ಲಿತ್ತು. ಕಣ್ಣಿಲ್ಲದಿದ್ದರೂ ಬರೆಯುವ ಕೈ ಬೇರೊಬ್ಬರದಾಗಿ ಪತ್ರ ನಡೆಯಿತು. ಅರವತ್ತು ವರ್ಷಗಳ ಹಿಂದೆ ಧಾರವಾಡ ಸೀಮೆಯಲ್ಲಿ ಶಾಸನಗಳನ್ನು ನಕಲು ಮಾಡಿ ಅವರಿಗೆ ಒಪ್ಪಿಸಿದ ಕೈಗಳೂ ಬೇರೆಯವರವೇ. ಆ ಕೈಗಳ ಒಡೆಯರನ್ನು ಹುಡುಕುವ ಕೆಲಸವನ್ನು ಲಂಡನ್ನಿನಲ್ಲಿ ಕುಳಿತವರು ಮಾಡಲಾರರು. ಅದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕನ್ನಡ ಅಧ್ಯಾಪಕರ ಪಾಲಿಗೆ ಬಂದಿರುವ ಕೆಲಸ, ಮತ್ತು ಅಟ್ಟದ ಮೇಲಿನ ಕಾಗದ ಇನ್ನೂ ಉಳಿದಿರುವಾಗಲೇ ಆಗಬೇಕಾದ ಕೆಲಸ.